ಪೇಟಿ ಮುಚ್ಚಿಟ್ಟರೆ ಮನಸ್ಸು ಸರಿಹೋಗುತ್ತಾ? ‘ಶೈನ್’ ನೋಡಿದ ಮೇಲೆ ನಿದ್ದೆ ಬರಲಿಲ್ಲ

ಎಡದಂಡೆ_ಕಾಲುವೆ, ಗಂಗಾವತಿ
ಭಾನುವಾರ, ರಾತ್ರಿ 11:52

ಮಗಳು ಬೆಂಗಳೂರಿಂದ ರಜೆಗೆ ಬಂದಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ತಂದಿದ್ದಳು. ‘ಶೈನ್’ ಅಂತ, ಆಸ್ಟ್ರೇಲಿಯಾದ್ದು, 1996ರದು. "ಪಪ್ಪಾ, ಇದು ಸಣ್ಣಜ್ಜನ ಕತಿ ಇದ್ದಂಗ ಐತಿ, ನೋಡು" ಅಂದಳು. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ದಿನವಿಡೀ ಅಂಕಿ ನೋಡಿ ಕಣ್ಣು ಉರಿಯುತ್ತಿರುತ್ತವೆ. ಹತ್ತು ನಿಮಿಷ ನೋಡಿ ಮಲಗೋಣ ಅಂತ ಕೂತೆ. ಮುಗಿಯುವ ತನಕ ಏಳಲಿಲ್ಲ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಡೇವಿಡ್ ಹೆಲ್ಫ್‌ಗಾಟ್ ಅಂತ ಪಿಯಾನೊ ಬಾರಿಸುವ ಹುಡುಗ. ಕಟ್ಟುಕತೆಯವನಲ್ಲ, ನಿಜವಾದ ಮನುಷ್ಯ, 1947ರಲ್ಲಿ ಹುಟ್ಟಿದವರು. ಅಪ್ಪನೇ ಮೊದಲ ಗುರು. ಮಹಾ ಬಿಗಿ ಅಪ್ಪ. ಅಮೆರಿಕಕ್ಕೆ ಕಲಿಯಲು ಕರೆ ಬಂದರೆ ಮನೆ ಒಡೆದುಹೋಗುತ್ತದೆ ಅಂತ ತಡೆಯುತ್ತಾನೆ. ಹುಡುಗ ಕೊನೆಗೆ ಅಪ್ಪನ ಮಾತು ಮೀರಿ ಲಂಡನ್ನಿಗೆ ಹೋಗುತ್ತಾನೆ. ಅಲ್ಲಿ ರಾಖ್ಮನಿನೊಫ್ ಅನ್ನುವ ರಷ್ಯಾದ ಸಂಗೀತಗಾರರ ಮೂರನೇ ಪಿಯಾನೊ ಕನ್ಸರ್ಟೊ (ದೊಡ್ಡ ವಾದ್ಯಮೇಳದ ಜೊತೆ ಬಾರಿಸುವ ಕೃತಿ) ಬಾರಿಸಿ ಮುಗಿಸಿದವನೇ ಕುಸಿದು ಬೀಳುತ್ತಾನೆ. ಆಮೇಲೆ ವರ್ಷಗಟ್ಟಲೆ ಆಸ್ಪತ್ರೆ. ಪಿಯಾನೊ ಮುಟ್ಟಬಾರದು ಅಂತ ಡಾಕ್ಟರ ಕಟ್ಟಪ್ಪಣೆ. ಒಂದು ರಾತ್ರಿ ಮಳೆಯಲ್ಲಿ ತೊಯ್ದುಕೊಂಡು ಒಂದು ಹೋಟೆಲಿನ ಬಾಗಿಲಿಗೆ ಬರುತ್ತಾನೆ. ಅಲ್ಲೊಂದು ಪಿಯಾನೊ ಇದೆ. ಮುಂದೆ ಒಂದು ದಿನ ಅದರ ಮುಂದೆ ಕೂತು ಬಾರಿಸಿಬಿಡುತ್ತಾನೆ. ಅಲ್ಲಿಂದ ಅವನ ಎರಡನೇ ಜನ್ಮ.

ಈಗ ನನ್ನ ಕಾಕಾನ ಮಾತು. ಅವನು ಪೇಟಿ ಮಾಸ್ತರ್, ಅಂದರೆ ಹಾರ್ಮೋನಿಯಂ ಬಾರಿಸಿ ನಾಟಕ ಕಲಿಸುವವನು. ಈಗ ಅರವತ್ತಾರು ವಯಸ್ಸು. ಹುಡುಗನಾಗಿದ್ದಾಗಲೇ ಕಾರಟಗಿ, ಸಿರುಗುಪ್ಪ, ಸಿಂಧನೂರು ಕಡೆ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುತ್ತಿದ್ದ. ಹಾಡು ಒಮ್ಮೆ ಕೇಳಿದರೆ ಸಾಕು, ಬೆರಳಿಗೆ ಬರುತ್ತಿತ್ತು. ಆಮೇಲೆ ಒಂದು ನಾಟಕ ಕಂಪನಿ ಸೇರಿದ. ಬನಶಂಕರಿ ಜಾತ್ರೆಯಲ್ಲಿ ದಿನಾ ರಾತ್ರಿ ಆಟ. ಅಲ್ಲೇ ಒಂದು ರಾತ್ರಿ ಪರದೆ ಬಿತ್ತು, ಕಾಕಾ ಪೇಟಿ ನಿಲ್ಲಿಸಲಿಲ್ಲ. ಜನ ಮೊದಲು ಚಪ್ಪಾಳೆ ಹೊಡೆದರಂತೆ. ಆಮೇಲೆ ನಕ್ಕರಂತೆ. ಆಮೇಲೆ ಎದ್ದು ಹೋದರಂತೆ. ಖಾಲಿ ಕುರ್ಚಿಗಳ ಮುಂದೆ ಅದೇ ಹಾಡು, ಬೆಳಗಿನ ತನಕ. ಕಂಪನಿಯವರು ಲಾರಿಯಲ್ಲಿ ಮನೆಗೆ ತಂದು ಬಿಟ್ಟು ಹೋದರು.

ಅಜ್ಜನಿಗೆ ಮೊದಲಿಂದಲೂ ಪೇಟಿ ಕಂಡರೆ ಆಗುತ್ತಿರಲಿಲ್ಲ ಅಂತ ಕೇಳಿದ್ದೇನೆ. ಹೊಲ ಬಿಟ್ಟು ನಾಟಕಕ್ಕೆ ಹೋದ ಅಂತ ಬಾರಕೋಲಿನಿಂದ ಹೊಡೆದದ್ದು ಊರಿಗೆಲ್ಲ ಗೊತ್ತು. ಕಾಕಾ ಹೀಗಾದ ಮೇಲೆ ಪೇಟಿಯನ್ನು ಅಟ್ಟಕ್ಕೆ ಏರಿಸಿದ. ಆವತ್ತು ನೋಡಿದ ಡಾಕ್ಟರೂ "ಅದನ್ನು ಅವರ ಕಣ್ಣಿಗೆ ಬೀಳಿಸಬೇಡಿ" ಅಂದರಂತೆ. ಮೂವತ್ತೆಂಟು ವರ್ಷ ಆಯಿತು. ಕಾಕಾ ಗುಳಿಗೆ ನುಂಗಿ, ಎಮ್ಮೆ ಮೇಯಿಸಿಕೊಂಡು ಸುಮ್ನೆ ಇದ್ದಾನೆ.

ಸಿನಿಮಾದಲ್ಲಿ ಆ ಅಪ್ಪನನ್ನು ನೋಡುವಾಗ ನನಗೆ ನಮ್ಮ ಅಜ್ಜನ ಮೇಲೆ ಸಿಟ್ಟು ಉಕ್ಕಿ ಬಂತು. ತೀರಿಹೋಗಿ ಎಂಟು ವರ್ಷ ಆದವನ ಮೇಲೆ ಸಿಟ್ಟು ಮಾಡಿ ಏನು ಬಂತು? ಆದರೂ ಕೇಳುತ್ತೇನೆ. ಪೇಟಿ ಕಿತ್ತುಕೊಂಡಿದ್ದು ತಪ್ಪಲ್ವಾ? ಈಗ ವಾಪಸ್ ಕೊಟ್ಟರೆ ಏನಾಗುತ್ತೆ?

ಬಿಸಿಲೂರು, ರಾಯಚೂರು
ಸೋಮವಾರ, ಬೆಳಿಗ್ಗೆ 7:15

ಅಣ್ಣಾ, ಕಾಕಾನ ಕತೆ ಓದಿ ಬೇಜಾರಾಯಿತು. ಸಿನಿಮಾ ಬಗ್ಗೆ ಮಾತ್ರ ನನ್ನ ತಕರಾರು ಇದೆ. ಇಂಥ ಸಿನಿಮಾ ಎಲ್ಲಾ ಒಂದೇ. ಮೊದಲು ಪ್ರತಿಭೆ, ಆಮೇಲೆ ಹುಚ್ಚು, ಆಮೇಲೆ ಒಬ್ಬ ಹೆಂಗಸು ಬಂದು ಪ್ರೀತಿ ಮಾಡುತ್ತಾಳೆ, ಎಲ್ಲಾ ವಾಸಿ. ಕೊನೆಗೆ ಚಪ್ಪಾಳೆ. ನಮ್ಮ ಕಡೆ ಮನೆಯಲ್ಲಿ ಒಬ್ಬರಿಗೆ ಹಿಂಗಾದರೆ ಚಪ್ಪಾಳೆ ಎಲ್ಲಿಂದ ಬರಬೇಕು?

ಕೋಟೆ_ಕೆಳಗೆ, ಬಳ್ಳಾರಿ
ಸೋಮವಾರ, ಬೆಳಿಗ್ಗೆ 9:40

ಬಿಸಿಲೂರು ಅವರೇ, ಪೂರ್ತಿ ನೋಡಿದ್ದೀರಾ ಇಲ್ಲಾ ಪೋಸ್ಟರ್ ನೋಡಿ ಹೇಳುತ್ತಿದ್ದೀರಾ? ಕೊನೆಯಲ್ಲೂ ಡೇವಿಡ್ ವಾಸಿ ಆಗಿರುವುದಿಲ್ಲ. ಅದೇ ತಡವರಿಕೆ, ಒಂದೇ ಮಾತು ನಾಲ್ಕು ಸಲ, ಕಂಡವರನ್ನೆಲ್ಲ ತಬ್ಬಿಕೊಳ್ಳುವುದು. ಮೈಮೇಲೆ ಬರೀ ಒಂದು ಕೋಟು, ಕಿವಿಗೆ ಹೆಡ್‌ಫೋನು, ಟ್ರ್ಯಾಂಪೊಲಿನ್ ಮೇಲೆ ಕುಣಿಯುವ ದೃಶ್ಯ ಇದೆಯಲ್ಲ, ಅದು ವಾಸಿಯಾದವನ ಕುಣಿತವೇ? ಬದುಕೋಕೆ ಬಿಟ್ಟರೆ ಹೀಗೂ ಬದುಕಬಹುದು ಅಂತ ತೋರಿಸಿದ್ದಾರೆ ಅಷ್ಟೇ. ನನಗೆ ಹಿಡಿಸಿದ್ದೇ ಅದು.

ಇನ್ನು ಕೆಲವು ವಿಷಯ. ನಿರ್ದೇಶಕ ಸ್ಕಾಟ್ ಹಿಕ್ಸ್. ಏಳು ಆಸ್ಕರ್ ನಾಮಿನೇಶನ್ ಬಂದು ಒಂದು ಗೆದ್ದಿತು. ಅದು ದೊಡ್ಡ ಡೇವಿಡ್ ಪಾತ್ರದ ಜೆಫ್ರಿ ರಶ್ ಅವರಿಗೆ, 1997ರಲ್ಲಿ. ಅವರು ಚಿಕ್ಕವರಿದ್ದಾಗ ಪಿಯಾನೊ ಕಲಿತಿದ್ದರು, ಇದಕ್ಕಾಗಿ ಮತ್ತೆ ಕೂತು ಕಲಿತರು. ಕಾಣುವ ಬೆರಳು ಅವರದೇ. ಕೇಳುವ ಪಿಯಾನೊ ಬಹುಪಾಲು ನಿಜವಾದ ಹೆಲ್ಫ್‌ಗಾಟ್ ಅವರದು. ಅದೇ ಆಸ್ಕರ್ ಸಮಾರಂಭದಲ್ಲಿ ಹೆಲ್ಫ್‌ಗಾಟ್ ವೇದಿಕೆಗೆ ಬಂದು ಹೋಟೆಲ್ ದೃಶ್ಯದಲ್ಲಿ ಬರುವ ‘ದುಂಬಿಯ ಹಾರಾಟ’ ಅನ್ನುವ ಕೃತಿಯನ್ನೇ ಬಾರಿಸಿದರು.

ಈಗ ಗಂಗಾವತಿ ಅಣ್ಣನ ಸಿಟ್ಟಿಗೆ ಬರುತ್ತೇನೆ. ಸಿನಿಮಾದ ಅಪ್ಪನನ್ನು ಪೂರ್ತಿ ನಂಬಬೇಡಿ. ಡೇವಿಡ್ ಅವರ ಸೋದರಿ ಮಾರ್ಗರೆಟ್ 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಅಪ್ಪ ಹಾಗಿರಲೇ ಇಲ್ಲ, ಸಿನಿಮಾದವರು ರಾಕ್ಷಸನನ್ನು ಮಾಡಿದರು ಅಂತ. ಲಂಡನ್ನಿಂದ ವಾಪಸ್ ಬಂದ ಮಗನನ್ನು ಸಿನಿಮಾದಲ್ಲಿ ಅಪ್ಪ ಹತ್ತಿರ ಸೇರಿಸುವುದಿಲ್ಲ. ಸೋದರಿ ಹೇಳುವ ಪ್ರಕಾರ ಮಗ ಬಂದಿದ್ದೇ ಅಪ್ಪನ ಮನೆಗೆ. ಡೇವಿಡ್‌ಗೆ ಸಿನಿಮಾದಲ್ಲಿ ತೋರಿಸುವ ಮದುವೆಗೂ ಮೊದಲು ಇನ್ನೊಂದು ಮದುವೆ ಆಗಿತ್ತು, ಅದರ ಸುಳಿವೇ ಸಿನಿಮಾದಲ್ಲಿಲ್ಲ. ಎರಡು ಗಂಟೆಯೊಳಗೆ ಕತೆ ಮುಗಿಸಬೇಕಲ್ಲ, ಒಬ್ಬ ತಪ್ಪಿತಸ್ಥ ಬೇಕಾಗುತ್ತಾನೆ. ರಾಘವ ಕಲಾಮಂದಿರದಲ್ಲಿ ನಾಟಕ ನೋಡಿ ಬೆಳೆದವನು ನಾನು. ಖಳನಾಯಕ ಇಲ್ಲದ ನಾಟಕಕ್ಕೆ ಟಿಕೆಟ್ ಹೋಗುವುದಿಲ್ಲ ಅಂತ ನನಗೂ ಗೊತ್ತು.

ಬಿಸಿಲೂರು, ರಾಯಚೂರು
ಸೋಮವಾರ, ಬೆಳಿಗ್ಗೆ 9:58

ಪೋಸ್ಟರ್ ನೋಡಿಯೇ ಹೇಳಿದೆ. ಸಿಕ್ಕಿಬಿದ್ದೆ. ಇವತ್ತು ರಾತ್ರಿ ನೋಡುತ್ತೇನೆ.

ಬಿಳಿ_ನಾಲ್ಕು, ರಾಯಚೂರು
ಸೋಮವಾರ, ಮಧ್ಯಾಹ್ನ 2:20

ನಾನು ಸಂಗೀತ ಪಾಠ ಹೇಳುವವನು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು. ನನ್ನ ಜೊತೆ ಕಲಿತವರಲ್ಲಿ ಅರ್ಧಕ್ಕರ್ಧ ಜನರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ "ಕೊರತೆ ಇದ್ದರೂ ಪ್ರತಿಭೆ" ಅನ್ನುವ ಮಾತು ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ. ಅಲ್ಲಿ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ಬೆಳಿಗ್ಗೆ ಎದ್ದು ಸಾ ಹಚ್ಚಬೇಕು, ಅಷ್ಟೇ. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಕನ್ನಡ ಸಿನಿಮಾ ಬಂತು. ‘ಶೈನ್’ಗಿಂತ ಒಂದೇ ವರ್ಷ ಮೊದಲು. ಅದರ ಹಾಡಿಗೆ ಎಸ್‌ಪಿಬಿ ಅವರಿಗೆ, ಸಂಗೀತಕ್ಕೆ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಗುರು ಮಗುವನ್ನು ಕೂರಿಸಿಕೊಂಡು ಬೆಳೆಸುತ್ತಾನೆ. ಇದರಲ್ಲಿ ಅಪ್ಪ ಬೆಳೆಸುತ್ತಲೇ ಬಿಗಿಯುತ್ತಾನೆ. ಎರಡನ್ನೂ ಒಂದರ ಹಿಂದೊಂದು ನೋಡಿ, ಮಜಾ ಇರುತ್ತೆ.

ಆ ಮೂರನೇ ಕನ್ಸರ್ಟೊ ಬಗ್ಗೆ ಒಂದು ಮಾತು. ಅದನ್ನು ಬಾರಿಸಿದ್ದಕ್ಕೇ ತಲೆ ಕೆಟ್ಟಿತು ಅನ್ನುವ ಹಾಗೆ ಸಿನಿಮಾ ತೋರಿಸುತ್ತದೆ. ಅದು ಸುಳ್ಳು. ಕಷ್ಟದ ಕೃತಿ ಹೌದು. 1909ರಲ್ಲಿ ಬರೆದದ್ದು, ಸುಮಾರು ನಲವತ್ತು ನಿಮಿಷ ಬೆರಳಿಗೆ ಬಿಡುವಿಲ್ಲ. ಯೋಸೆಫ್ ಹಾಫ್‌ಮನ್ ಅನ್ನುವ ದೊಡ್ಡ ಪಿಯಾನೊ ವಾದಕರಿಗೆ ಅದನ್ನು ಅರ್ಪಿಸಿದ್ದರು, ಅವರೇ ಅದನ್ನು ಯಾವತ್ತೂ ಬಾರಿಸಲಿಲ್ಲ. ಆದರೆ ಬಾರಿಸಿದವರು ಸಾವಿರಾರು ಜನ ಇದ್ದಾರೆ, ಊಟ ಮಾಡಿಕೊಂಡು ಆರಾಮಾಗಿದ್ದಾರೆ. ರಾಗ ಹಾಡಿ ಯಾರಿಗೂ ಹುಚ್ಚು ಹಿಡಿಯುವುದಿಲ್ಲ ಸ್ವಾಮಿ.

ನನ್ನನ್ನು ಹಿಡಿದು ಕೂರಿಸಿದ್ದು ಲಂಡನ್ನಿನ ಗುರು. ಸಿನಿಮಾದಲ್ಲಿ ಹೆಸರು ಬದಲಿಸಿದ್ದಾರೆ. ನಿಜವಾಗಿ ಅವರು ಸಿರಿಲ್ ಸ್ಮಿತ್. 1956ರಲ್ಲಿ ಪಾರ್ಶ್ವವಾಯು ಆಗಿ ಎಡಗೈ ಹೋಯಿತು. ಆಮೇಲೆ ಹೆಂಡತಿಯ ಜೊತೆ ಕೂತು ಮೂರು ಕೈಯಲ್ಲಿ ಕಛೇರಿ ಕೊಟ್ಟರು! ಅಂಥವರ ಹತ್ತಿರ ಕಲಿತ ಹುಡುಗ ಇವನು. ಅದೇ ಒಂದು ಸಿನಿಮಾ ಆಗಬೇಕಿತ್ತು.

ನಮ್ಮಲ್ಲೇ ಕುಮಾರ ಗಂಧರ್ವರಿಲ್ಲವೇ? ಬೆಳಗಾವಿ ಹತ್ತಿರದ ಸುಳೇಭಾವಿಯವರು. ಚಿಕ್ಕ ವಯಸ್ಸಿಗೇ ದೊಡ್ಡ ಹೆಸರು. ಇಪ್ಪತ್ತಮೂರರ ಆಸುಪಾಸಿಗೆ ಕ್ಷಯ ಬಂತು. ದೇವಾಸದಲ್ಲಿ ಐದಾರು ವರ್ಷ ಹಾಸಿಗೆ, ಹಾಡಕೂಡದು ಅಂತ ಡಾಕ್ಟರ ಮಾತು. ಹೆಂಡತಿ ಭಾನುಮತಿ ಆರೈಕೆ ಮಾಡಿದರು. ಹಾಸಿಗೆಯಲ್ಲಿ ಮಲಗಿಯೇ ಮಾಳವದ ಜನರ ಹಾಡು ಕೇಳಿಸಿಕೊಂಡರು. ಎದ್ದ ಮೇಲೆ ಅರ್ಧ ಉಸಿರಿನಲ್ಲಿ ಹಾಡುವ ಬೇರೆಯದೇ ದಾರಿ ಮಾಡಿಕೊಂಡರು. ಅಲ್ಲೂ ಡಾಕ್ಟರು ಬೇಡ ಅಂದಿದ್ದರು, ಅದು ಸರಿಯಾಗಿಯೇ ಇತ್ತು. ಹಾಡಿದ್ದರೆ ಜೀವ ಹೋಗುತ್ತಿತ್ತು. ಆದ್ದರಿಂದ ಕಾಕಾನ ಡಾಕ್ಟರು ತಪ್ಪು ಅಂತ ನಾನು ದುಡುಕಿ ಹೇಳುವುದಿಲ್ಲ. ತಿಳಿದವರು ಹೇಳಲಿ.

ಅಂದಹಾಗೆ ಅದು ಯಾವ ಪೇಟಿ? ಕಾಲಲ್ಲಿ ಒತ್ತುವುದಾ, ಕೈಪೇಟಿಯಾ? ಕಂಪನಿಯವರ ಹಳೇ ಪೇಟಿಗಳಲ್ಲಿ ಜರ್ಮನ್ ರೀಡು (ಸ್ವರ ಹೊರಡಿಸುವ ಲೋಹದ ಪಟ್ಟಿ) ಇರುತ್ತಿದ್ದವು. ಹಾಗಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಮಾನ್ವಿ_ಅಮ್ಮ
ಸೋಮವಾರ, ರಾತ್ರಿ 10:05

ನಾನು ಇಲ್ಲಿ ಬರೆಯುವುದು ಕಡಿಮೆ, ಸುಮ್ನೆ ಓದುತ್ತಿರುತ್ತೇನೆ. ಈ ಸಿನಿಮಾ ನಾನೂ ನೋಡಿದೆ, ಅರ್ಧಕ್ಕೆ ನಿಲ್ಲಿಸಿದೆ. ಆಸ್ಪತ್ರೆಯಲ್ಲಿ ತಲೆಗೆ ಕರೆಂಟ್ ಕೊಡುವ ದೃಶ್ಯ ನೋಡಲಾಗಲಿಲ್ಲ. ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಬಿಟ್ಟು ಬಂದಿದ್ದಾನೆ. ಗೋಡೆ ಜೊತೆ ಮಾತಾಡುತ್ತಾನೆ. ಡಾಕ್ಟರು ಒಂದು ಸಲ ಆ ಮಾತು ಎತ್ತಿದ್ದರು, ನಾನು ಹೆದರಿ ಎದ್ದು ಬಂದೆ. ಈಗಲೂ ಹಂಗೇ ಕೊಡುತ್ತಾರಾ?

ಇನ್ನೊಂದು ಮಾತು. ನೀವೆಲ್ಲ ಆ ಅಪ್ಪನನ್ನು ನೋಡಿ ಸಿಟ್ಟು ಮಾಡಿದಿರಿ. ನನಗೆ ಸಿಟ್ಟು ಬರಲಿಲ್ಲ, ಭಯ ಆಯಿತು. ನಾನೂ ಮಗನ ಕೋಣೆಗೆ ಹೊರಗಿಂದ ಚಿಲಕ ಹಾಕಿದ್ದೇನೆ. ನಾಳೆ ನನ್ನ ಮೇಲೂ ಯಾರಾದರೂ ಸಿನಿಮಾ ಮಾಡಿದರೆ ನಾನೇ ಕೆಟ್ಟವಳು.

ನೈಟ್_ಡ್ಯೂಟಿ, ಬಳ್ಳಾರಿ
ಮಂಗಳವಾರ, ಬೆಳಗಿನ ಜಾವ 3:30

ಮಾನ್ವಿ ಅಕ್ಕಾ, ನಾನು ಮನೋರೋಗ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ವಾರ್ಡು ಈಗ ಮಲಗಿದೆ. ನಿಧಾನಕ್ಕೆ ಬರೆಯುತ್ತೇನೆ.

ಮೊದಲು ಕರೆಂಟಿನ ಮಾತು. ಅದು ಶುರುವಾಗಿದ್ದು 1938ರಲ್ಲಿ ಇಟಲಿಯಲ್ಲಿ. ಆಗ ಎಚ್ಚರ ಇದ್ದವರಿಗೇ ಕೊಡುತ್ತಿದ್ದರು, ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತು. ಸಿನಿಮಾದವರ ತಲೆಯಲ್ಲಿ ಇನ್ನೂ ಅದೇ ಚಿತ್ರ ಕೂತಿದೆ. ಈಗ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಕೊಡದೆ, ಸ್ನಾಯು ಸಡಿಲ ಮಾಡುವ ಔಷಧಿ ಕೊಡದೆ ಅದನ್ನು ಮಾಡುವ ಹಾಗೇ ಇಲ್ಲ. ಪೇಷಂಟು ನಿದ್ದೆಯಲ್ಲಿರುತ್ತಾರೆ. ನಾನು ಕೈ ಹಿಡಿದು ನಿಂತಿರುತ್ತೇನೆ. ಕಾಲ್ಬೆರಳು ಸ್ವಲ್ಪ ಅದುರುತ್ತವೆ, ಕೆಲವೇ ಸೆಕೆಂಡು. ಎದ್ದ ಮೇಲೆ ಸ್ವಲ್ಪ ಹೊತ್ತು ಮರೆವು, ತಲೆನೋವು ಇರಬಹುದು. ಊಟ ನೀರು ಬಿಟ್ಟವರು, ಸಾಯುತ್ತೇನೆ ಅನ್ನುವವರು ಇದರಿಂದ ಎದ್ದು ಕೂತಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಮಗನಿಗೆ ಬೇಕಾ ಬೇಡವಾ ಅಂತ ನಾನು ಹೇಳುವ ಹಾಗಿಲ್ಲ. ಹೆದರಿ ಎದ್ದು ಬರುವ ಬದಲು ಕೂತು ಎಲ್ಲಾ ಕೇಳಿ. ಅದು ನಿಮ್ಮ ಹಕ್ಕು.

ಆ ಕಾಯ್ದೆಯಲ್ಲೇ ಸರಪಳಿ ಹಾಕಿ ಕಟ್ಟುವುದಕ್ಕೂ ನಿಷೇಧ ಇದೆ. ಚಿಲಕದ ಮಾತು ಓದಿ ನಿಮ್ಮ ಮೇಲೆ ಬೈಗುಳ ಬರಲಿಲ್ಲ ನನಗೆ. ಒಬ್ಬರೇ ಎಷ್ಟು ದಿನದಿಂದ ಕಾಯುತ್ತಿದ್ದೀರೋ ಅನ್ನಿಸಿತು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮಲ್ಲಿ ಯಾವ ವಾರ ಅಂತ ಒಮ್ಮೆ ಕೇಳಿಕೊಂಡು ಹೋಗಿ.

ಈಗ ಗಂಗಾವತಿ ಅಣ್ಣಾ. ನಿಮ್ಮ ಕಾಕಾನ ಕಾಯಿಲೆ ಯಾವುದು ಅಂತ ನನಗೆ ಗೊತ್ತಿಲ್ಲ, ಫೋನಿನಲ್ಲಿ ಹೇಳುವ ವಿಷಯವೂ ಅಲ್ಲ. ಆದರೆ ಯಾರೋ ಹೊಡೆದರು ಅಂತ ಇಂಥ ಕಾಯಿಲೆ ಬರುವುದಿಲ್ಲ. ರಕ್ತದಲ್ಲಿ ಬಂದದ್ದು ಸ್ವಲ್ಪ, ಮೆದುಳಿನ ಏರುಪೇರು ಸ್ವಲ್ಪ, ಮೇಲಿಂದ ಬದುಕಿನ ಹೊಡೆತ, ನಿದ್ದೆಗೇಡು. ಹೊಡೆತದಿಂದ ಜಾಸ್ತಿ ಆಗಬಹುದು. ಅದೊಂದೇ ಕಾರಣ ಅಲ್ಲ.

ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಪೇಟಿ ಮೇಲಲ್ಲ. ದಿನಾ ರಾತ್ರಿ ಆಟ ಅಂದಿರಲ್ಲ, ಅದರ ಮೇಲೆ. ಕೆಲವರಿಗೆ ನಾಲ್ಕು ರಾತ್ರಿ ನಿದ್ದೆ ಕೆಟ್ಟರೆ ಸಾಕು, ಮನಸ್ಸು ಹಗ್ಗ ಕಿತ್ತ ಕರುವಿನ ಹಾಗೆ ಓಡುತ್ತದೆ. ಜಾತ್ರೆ ಕಂಪನಿಯಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಚಹಾ, ಎಲೆ ಅಡಿಕೆ ತಂಬಾಕು, ಬೆಳಗಿನ ತನಕ ಆಟ. ಆ ಡಾಕ್ಟರು ಬಿಡಿಸಬೇಕಾದ್ದು ರಾತ್ರಿಯನ್ನು, ಬಿಡಿಸಿದ್ದು ಪೇಟಿಯನ್ನು. ಆಗಿನ ಕಾಲಕ್ಕೆ ಅವರಿಗೆ ತೋಚಿದ್ದು ಅಷ್ಟು.

ಈಗ ಕೊಟ್ಟರೆ ಏನಾಗುತ್ತೆ ಅಂತ ಕೇಳಿದಿರಿ. ಅವರ ಡಾಕ್ಟರಿಗೆ ಹೇಳಿ ಕೊಡಿ. ಹಗಲು ಹೊತ್ತು, ಒಂದು ಗಂಟೆ. ರಾತ್ರಿ ಬೇಡ. ಗುಳಿಗೆ ಬಿಡುವ ಮಾತೇ ಇಲ್ಲ. "ಪೇಟಿ ಬಂತಲ್ಲ, ಇನ್ನು ಗುಳಿಗೆ ಯಾಕೆ" ಅಂತ ಮನೆಯವರೇ ನಿಲ್ಲಿಸುತ್ತಾರೆ, ಆರು ತಿಂಗಳಿಗೆ ನಮ್ಮ ವಾರ್ಡಿಗೆ ಬರುತ್ತಾರೆ. ಸಿನಿಮಾದಲ್ಲಿ ಇದನ್ನು ಸರಿಯಾಗಿ ತೋರಿಸುವುದಿಲ್ಲ. ಪ್ರೀತಿ ತೋರಿಸುತ್ತಾರೆ, ಗುಳಿಗೆ ಡಬ್ಬಿ ತೋರಿಸುವುದಿಲ್ಲ.

ಒಂದು ಎಚ್ಚರಿಕೆ. ಇಷ್ಟು ವರ್ಷ ಗುಳಿಗೆ ತಗೊಂಡವರ ಬೆರಳು ನಡುಗಬಹುದು, ಬಿಗಿ ಆಗಿರಬಹುದು. ಮೊದಲಿನ ಹಾಗೆ ಬರಲಿಲ್ಲ ಅಂತ ಅವರು ಎದ್ದು ಹೋದರೆ ಬೇಜಾರು ಮಾಡಬೇಡಿ. ನಡುಕದ ಬಗ್ಗೆ ಡಾಕ್ಟರಿಗೆ ಹೇಳಿದರೆ ಡೋಸು ಕಡಿಮೆ ಮಾಡಬಹುದು, ಬೇರೆ ಗುಳಿಗೆ ಕೊಡಬಹುದು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಎಮ್ಮೆ ಮೇಯಿಸುವವರಿಗೆ ಬೆರಳು ನಡುಗಿದರೆ ನಡೆಯುತ್ತೆ ಅಂದುಕೊಂಡಿರುತ್ತಾರೆ.

ಬಿಸಿಲೂರು, ರಾಯಚೂರು
ಮಂಗಳವಾರ, ಬೆಳಿಗ್ಗೆ 6:45

ನೋಡಿದೆ. ಮಾತು ವಾಪಸ್ ತಗೊಂಡೆ, ಪೂರ್ತಿ ಅಲ್ಲ, ಮುಕ್ಕಾಲು. ಕಛೇರಿ ಮುಗಿದು ಜನ ಎದ್ದು ನಿಂತಾಗ ಅವನು ಅಳುತ್ತಾನಲ್ಲ, ಅಲ್ಲಿ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ನಾನು ಕಣ್ಣಿಗೆ ಧೂಳು ಬಿತ್ತು ಅಂದೆ. ರಾಯಚೂರಿನಲ್ಲಿ ಆ ಮಾತು ನಂಬುತ್ತಾರೆ.

ಕೋಟೆ_ಕೆಳಗೆ, ಬಳ್ಳಾರಿ
ಮಂಗಳವಾರ, ಬೆಳಿಗ್ಗೆ 8:10

ಹ್ಹಹ್ಹ. ನರ್ಸಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಸಿನಿಮಾ ಗೆದ್ದ ಮೇಲೆ 1997ರಲ್ಲಿ ಹೆಲ್ಫ್‌ಗಾಟ್ ದೇಶ ದೇಶ ಸುತ್ತಿ ಕಛೇರಿ ಕೊಟ್ಟರು. ಟಿಕೆಟ್ ಎಲ್ಲಾ ಖರ್ಚು. ವಿಮರ್ಶಕರು ಮಾತ್ರ ಹರಿದು ಹಾಕಿದರು. ಬಾರಿಸುವುದರಲ್ಲಿ ಹಿಡಿತ ಇಲ್ಲ, ಬಾರಿಸುತ್ತಲೇ ಗುನುಗುತ್ತಾರೆ, ಜನ ಕಾಯಿಲೆ ನೋಡಲು ಬರುತ್ತಿದ್ದಾರೆ ಅಂತ. ಜನ ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರು ಸರಿ? ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

ಬಿಳಿ_ನಾಲ್ಕು, ರಾಯಚೂರು
ಮಂಗಳವಾರ, ಬೆಳಿಗ್ಗೆ 8:32

ವಿಮರ್ಶಕರೇ ಸರಿ. ಜನರೂ ಸರಿ. ನಾನಾದರೆ ಟಿಕೆಟ್ ತಗೊಂಡು ಹೋಗಿ, ತಪ್ಪು ಸ್ವರಕ್ಕೆ ಮುಖ ಕಿವುಚಿ, ಕೊನೆಗೆ ಎದ್ದು ನಿಲ್ಲುತ್ತಿದ್ದೆ.

ಎಡದಂಡೆ_ಕಾಲುವೆ, ಗಂಗಾವತಿ
ಗುರುವಾರ, ರಾತ್ರಿ 9:20

ಎರಡು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಊರಿಗೆ ಹೋಗಿದ್ದೆ.

ನರ್ಸಕ್ಕಾ, ನೀವು ಹೇಳಿದ ಹಾಗೆ ಮೊದಲು ಕಾಕಾನ ಡಾಕ್ಟರಿಗೆ ಫೋನ್ ಮಾಡಿದೆ. ಈಗ ನೋಡುವವರು ಬೇರೆ, ವಯಸ್ಸಿನವರು. "ಪೇಟಿನಾ? ಅವರು ನನಗೆ ಒಂದು ದಿನವೂ ಹೇಳಿಲ್ಲವಲ್ರೀ" ಅಂದರು. ಕೊಡಿ, ಹಗಲು ಮಾತ್ರ ಅಂದರು. ಬೆರಳು ನಡುಗುವ ವಿಷಯ ಹೇಳಿದೆ. ಮುಂದಿನ ಸಲ ಬರುವಾಗ ನೋಡೋಣ, ಗುಳಿಗೆ ಬದಲಿಸಬಹುದು ಅಂದರು. ಮೂವತ್ತೆಂಟು ವರ್ಷದ ಕಟ್ಟು ಎರಡು ನಿಮಿಷದ ಫೋನಿನಲ್ಲಿ ಬಿಚ್ಚಿತು.

ಅಟ್ಟಕ್ಕೆ ಏಣಿ ಹಾಕಿ ನಾನೇ ಹತ್ತಿದೆ. ಗೋಣಿಚೀಲದಲ್ಲಿ ಸುತ್ತಿದ ಕೈಪೇಟಿ. ಕೆಳಗಿಳಿಸಿ ಚೀಲ ಬಿಚ್ಚಿದರೆ ಮುಚ್ಚಳ ಕೆಂಪಗಿದೆ. ಬಣ್ಣ ಅಂದುಕೊಂಡೆ. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಕುಂಕುಮ. ಒಂದರ ಮೇಲೊಂದು, ರೊಟ್ಟಿ ದಪ್ಪ ಆಗಿತ್ತು. ನಡುವೆ ನಡುವೆ ವಿಭೂತಿ ಗೆರೆ. ಒಣಗಿದ ಚೆಂಡು ಹೂವಿನ ಎಸಳು ಅಂಟಿಕೊಂಡಿದ್ದವು.

ಚಿಗವ್ವನನ್ನು ಕೇಳಿದೆ. "ನಿಮ್ಮಜ್ಜಂದಪ್ಪಾ ಅದು" ಅಂದಳು. ಪ್ರತಿ ವರ್ಷ ಮಾನವಮಿಗೆ ಕೂರಿಗೆ, ಕುಂಟೆ, ಕುಡುಗೋಲು ಎಲ್ಲಾ ತೊಳೆದು ಪೂಜೆ ಮಾಡುವಾಗ ಅಜ್ಜ ಯಾರಿಗೂ ಹೇಳದೆ ಅಟ್ಟ ಹತ್ತಿ ಪೇಟಿಗೂ ಪೂಜೆ ಮಾಡಿ ಇಳಿಯುತ್ತಿದ್ದನಂತೆ. ಸಿರುಗುಪ್ಪದವರು ಒಬ್ಬರು ಒಳ್ಳೆ ರೇಟಿಗೆ ಕೇಳಿದ್ದರಂತೆ, ಕೊಡಲಿಲ್ಲ. "ಅವನ ಹತಾರ ಅದು, ನಾ ಹೆಂಗ ಮಾರ್ಲಿ" ಅಂದನಂತೆ. ಅಜ್ಜ ಹೋದ ಮೇಲೆ ಅಟ್ಟ ಹತ್ತುವವರು ಯಾರೂ ಇರಲಿಲ್ಲ. ಈ ಎಂಟು ವರ್ಷದಲ್ಲಿ ಇಲಿ ತಿದಿ ತಿಂದಿವೆ.

ಇದನ್ನೆಲ್ಲ ಕಾಕಾನ ಮುಂದೆಯೇ ಹೇಳಿದಳು. ಕಾಕಾ ಎಮ್ಮೆಗೆ ಮೇವು ಹಾಕಿ ಬಂದು ಹೊಸ್ತಿಲ ಮೇಲೆ ಕೂತಿದ್ದ. ನಾನು ಕೇಳಿಬಿಟ್ಟೆ, "ಕಾಕಾ, ಅಜ್ಜ ನಿನ್ನ ಹೊಡೆದದ್ದು ಸುಳ್ಳಾ ಹಂಗಾದ್ರ?" ಅಂತ.

"ಹೊಡದಿದ್ದು ಖರೇ ಐತಿ. ಈ ಪೇಟಿ ಕೊಡ್ಸಿದ್ದೂ ಅವನಾ. ಒಂದು ಎತ್ತು ಮಾರಿದ್ದ" ಅಂದ.

ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಮನೆಯಲ್ಲಿ ಬಾರಕೋಲಿನ ಕತೆ ಎಲ್ಲರೂ ಹೇಳುತ್ತಿದ್ದರು, ಎತ್ತಿನ ಕತೆ ಯಾರೂ ಹೇಳಿರಲಿಲ್ಲ.

ಮಾನ್ವಿ_ಅಮ್ಮ
ಗುರುವಾರ, ರಾತ್ರಿ 9:41

ಅಣ್ಣಾ ಇದನ್ನು ಓದಿ ಅತ್ತೆ. 14416ಕ್ಕೆ ನಿನ್ನೆ ಮಾಡಿದೆ. ಅರ್ಧ ಗಂಟೆ ಮಾತಾಡಿದರು. ಮಗನೂ ಎರಡು ಮಾತಾಡಿದ. ಬರುವ ಮಂಗಳವಾರ ಹೋಗುತ್ತೇವೆ.

ನೈಟ್_ಡ್ಯೂಟಿ, ಬಳ್ಳಾರಿ
ಗುರುವಾರ, ರಾತ್ರಿ 11:15

ಅಕ್ಕಾ, ಹೋಗುವಾಗ ಹಳೇ ಚೀಟಿ, ಗುಳಿಗೆ ಕವರು ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿ ಕವರಾದರೂ ಪರವಾಗಿಲ್ಲ.

ಅಣ್ಣಾ, ಕಾಕಾ ಪೇಟಿ ಮುಟ್ಟಿದರಾ? ಅದನ್ನೇ ಬರೆದಿಲ್ಲ ನೀವು.

ಎಡದಂಡೆ_ಕಾಲುವೆ, ಗಂಗಾವತಿ
ಶುಕ್ರವಾರ, ಬೆಳಿಗ್ಗೆ 7:50

ಮುಟ್ಟಿದ. ಸಿನಿಮಾದಂಥದ್ದು ಏನೂ ಆಗಲಿಲ್ಲ, ಅದಕ್ಕೇ ಬರೆಯಲಿಲ್ಲ.

ಸಂಜೆ ನಾಲ್ಕಕ್ಕೆ ಎಳೆದುಕೊಂಡು ಕೂತ. ಮುಚ್ಚಳದ ಕುಂಕುಮ ಒರೆಸಲು ಹೋದೆ, ಬ್ಯಾಡ ಅಂದ. ಎಡಗೈಲಿ ತಿದಿ ಒತ್ತಿದರೆ ತೂತಿನಿಂದ ಪುಸ್ ಅಂತ ಗಾಳಿ. ಚಿಗವ್ವ ಒಂದು ಒದ್ದೆ ಬಟ್ಟೆ ಮಡಚಿ ತೂತಿಗೆ ಒತ್ತಿ ಹಿಡಿದಳು. ಆಗ ಸದ್ದು ಬಂತು. ಒಂದೇ ಮನೆ (ಪೇಟಿಯ ಕೀ) ಹಿಡಿದುಕೊಂಡು ಕೂತ. ಬೆರಳು ನಡುಗುತ್ತಿತ್ತು, ಸ್ವರವೂ ನಡುಗುತ್ತಿತ್ತು. ಮಗಳು ಮೊಬೈಲ್ ತೆಗೆದಳು, ನಾನು ಕಣ್ಣಲ್ಲೇ ಬೇಡ ಅಂದೆ. ಮತ್ತೊಂದು ಮನೆಗೆ ಬೆರಳು ಇಟ್ಟ, ಬರಲಿಲ್ಲ. ಮೂರನೆಯದು ಬಂತು, ಆದರೆ ಅಪಸ್ವರ. ಅದನ್ನು ಕೇಳಿದ್ದೇ ತಡ ನನ್ನ ಕಡೆ ಮುಖ ಮಾಡಿದ. ಮೂವತ್ತೆಂಟು ವರ್ಷದ ಮೇಲೆ ಮೊದಲ ಸಲ ಮಾಸ್ತರರ ಮುಖ ನೋಡಿದೆ ನಾನು. ಹಳ್ಳಿ ಹುಡುಗರು ತಪ್ಪು ಹಾಡಿದಾಗ ಹಂಗೇ ನೋಡುತ್ತಿದ್ದನಂತೆ.

"ಇದು ಶ್ರುತಿ ಬಿಟ್ಟೈತಿ. ಯಾರಿಗಾರ ತೋರ್ಸು" ಅಂದು ಎದ್ದು ಎಮ್ಮೆ ಹಾಲು ಹಿಂಡಲು ಹೋದ.

ಬಿಳಿ ನಾಲ್ಕು ಸರ್, ಯಾರಿಗೆ ತೋರಿಸಲಿ?

ಬಿಳಿ_ನಾಲ್ಕು, ರಾಯಚೂರು
ಶುಕ್ರವಾರ, ಬೆಳಿಗ್ಗೆ 10:30

ಗದಗಿಗೆ ಒಯ್ಯಿರಿ. ಆಶ್ರಮದ ಹತ್ತಿರ ವಿಚಾರಿಸಿದರೆ ಪೇಟಿ ರಿಪೇರಿ ಮಾಡುವವರ ಮನೆ ತೋರಿಸುತ್ತಾರೆ. ತಿದಿ ಹೊಸದು ಹಾಕಬೇಕು, ಅದು ದೊಡ್ಡ ಕೆಲಸ ಅಲ್ಲ. ರೀಡು ಹಿತ್ತಾಳೆಯವು, ಇಲಿ ತಿನ್ನುವುದಿಲ್ಲ. ಸದ್ದು ಬರದ ಮನೆಯ ರೀಡಿಗೆ ಕಸ ಸಿಕ್ಕಿರುತ್ತದೆ. ಅಪಸ್ವರದ್ದನ್ನು ಕೆರೆದು ಸರಿ ಮಾಡುತ್ತಾರೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಬ್ಲೇಡು ಹಿಡಿದು ನೀವೇ ಮಾಡಲು ಹೋಗಬೇಡಿ ಮತ್ತೆ! ಒಂದು ಕೂದಲೆಳೆ ಜಾಸ್ತಿ ಆದರೆ ರೀಡು ಹೋಯಿತು.

ಆಕಾಶವಾಣಿಯವರು ಈ ಪೇಟಿಯನ್ನು 1940ರಿಂದ 1971ರ ತನಕ ಒಳಗೇ ಬಿಟ್ಟಿರಲಿಲ್ಲ, ಗೊತ್ತಾ? ಮೂವತ್ತೊಂದು ವರ್ಷ. ನಿಮ್ಮ ಅಟ್ಟದ ದಾಖಲೆ ಅದಕ್ಕಿಂತ ದೊಡ್ಡದು.

ಎಡದಂಡೆ_ಕಾಲುವೆ, ಗಂಗಾವತಿ
ಶುಕ್ರವಾರ, ರಾತ್ರಿ 8:05

ಭಾನುವಾರ ನಾನು ಒಯ್ದು ಕೊಟ್ಟು ಬರುತ್ತೇನೆ ಅಂತ ಕಾಕಾನಿಗೆ ಫೋನಿನಲ್ಲಿ ಹೇಳಿದೆ. "ನಿನಗೇನ್ ತಿಳೀತೈತಿ ಅದರಾಗ? ನಾನಾ ಬರ್ತೀನಿ" ಅಂದ. ಈ ಮೂವತ್ತೆಂಟು ವರ್ಷದಲ್ಲಿ ಕಾಕಾ ಊರು ಬಿಟ್ಟು ಆಸ್ಪತ್ರೆಗೆ ಬಿಟ್ಟರೆ ಬೇರೆ ಎಲ್ಲಿಗೂ ಹೋದವನಲ್ಲ. ಚಿಗವ್ವ ಈಗಲೇ ಗುಳಿಗೆ ಎಣಿಸಿ ಪೊಟ್ಟಣ ಕಟ್ಟಿದ್ದಾಳಂತೆ. ಬಸ್ಸಾ, ರೈಲಾ ಅಂತ ಯೋಚನೆ ಮಾಡುತ್ತಿದ್ದೇನೆ.

ಬಿಳಿ_ನಾಲ್ಕು, ರಾಯಚೂರು
ಶುಕ್ರವಾರ, ರಾತ್ರಿ 8:20

ರೈಲೇ ಒಳ್ಳೆಯದು. ಗಂಗಾವತಿಯಿಂದ ಹುಬ್ಬಳ್ಳಿ ಗಾಡಿ ಗದಗಿನ ಮೇಲೇ ಹೋಗುತ್ತದೆ. ಬಸ್ಸಿನಲ್ಲಿ ಕುಲುಕಾಟ ಜಾಸ್ತಿ. ತಿದಿಗೆ ಒಂದು ಪಂಚೆ ಸುತ್ತಿ ಬಿಗಿಯಾಗಿ ಕಟ್ಟಿ. ಮೇಲಿನ ಹಲಗೆ ಮೇಲೆ ಇಡಬೇಡಿ, ಬೀಳುತ್ತದೆ. ಕಾಕಾನ ತೊಡೆ ಮೇಲೇ ಇರಲಿ.